ಬುಟ್ಟಿಯ ಎಲ್ಲಮ್ಮ, ಬೋರ್ಡಿನ ರೇಣುಕಾಂಬೆ

ನನ್ನ ತವರು ಜಗಳೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಎನ್ನುವಂಥ ಬಯಲುಸೀಮೆ. ಊರ ಹೊರಗೆ ಒಂದು ಬೇವಿನ ಮರ, ಅದರ ಬುಡಕ್ಕೆ ಮಣ್ಣಿನ ಗೋಡೆಯ ಗುಡಿ, ಗುಡಿಯೊಳಗೆ ಕಣ್ಣು ಮೂಗು ತಿಳಿಯದಷ್ಟು ಎಣ್ಣೆ ಕುಡಿದು ಕಪ್ಪಾದ ಒಂದು ಕಲ್ಲು. ಆ ಕಲ್ಲಿಗೆ ನಾವು ಎಲ್ಲಮ್ಮ ಎನ್ನುತ್ತಿದ್ದೆವು. ಅಜ್ಜಿಯ ಕಾಲದಿಂದಲೂ ಅವಳೇ ನಮ್ಮ ಮನೆದೇವರು. ಮಂಗಳವಾರ ಶುಕ್ರವಾರಗಳಲ್ಲಿ ಜೋಗಮ್ಮ ಬರುವಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಹಿತ್ತಾಳೆಯ ಮುಖ, ನವಿಲುಗರಿ, ಕವಡೆ ಸರ. ಜೊತೆಗೊಬ್ಬಳು ಚೌಡಿಕೆ ನುಡಿಸುವವಳು. ‘ಉಧೋ ಉಧೋ’ ಎಂಬ ಸದ್ದು ಓಣಿಯ ತುದಿಯಲ್ಲಿ ಕೇಳಿದೊಡನೆ ಅವ್ವ ಕೈಲಿದ್ದ ಕೆಲಸ ಬಿಟ್ಟು ಮೊರದಲ್ಲಿ ಕಾಳು ತುಂಬುವಳು.

ಕೆಲವು ವರ್ಷಗಳ ಹಿಂದೆ ಆ ಗುಡಿ ಜೀರ್ಣೋದ್ಧಾರವಾಯಿತು. ಮಣ್ಣಿನ ಗೋಡೆ ಹೋಗಿ ಗ್ರಾನೈಟು ಬಂತು. ಕಲ್ಲಿಗೆ ಬೆಳ್ಳಿಯ ಮುಖವಾಡ ಬಂತು. ಪೂಜೆಗೆ ಹೊರಗಿನಿಂದ ಅರ್ಚಕರು ಬಂದರು. ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಶ್ರೀ ರೇಣುಕಾಂಬಾ ದೇವಿ’ ಎಂಬ ಬೋರ್ಡು ಬಂತು. ಚನ್ನಗಿರಿಗೆ ಮದುವೆಯಾಗಿ ಬಂದ ನಾನೂ ವಂತಿಗೆ ಕೊಟ್ಟವಳೇ. ನಮ್ಮೂರಿನ ಗುಡಿಯೂ ಪೇಟೆಯ ಗುಡಿಯ ಹಾಗಾಯಿತಲ್ಲ ಎಂದು ಹಿಗ್ಗಿದವಳೇ. ಹಾಗಾಗಿ ಮುಂದೆ ಹೇಳುವುದರಲ್ಲಿ ನನ್ನ ಪಾಲೂ ಇದೆ.

ಹೊಸ ಗುಡಿಯಾದ ಮೇಲಿನ ಮೊದಲ ಭರತ ಹುಣ್ಣಿಮೆಗೆ ಅವ್ವನನ್ನು ಕರೆದುಕೊಂಡು ಹೋದೆ. ಅಪ್ಪ ತೀರಿಹೋಗಿ ಆಗ ಎಂಟು ವರ್ಷ. ಅವ್ವ ರಾತ್ರಿಯೆಲ್ಲ ಕೂತು ಕರಿಗಡುಬು ಮಾಡಿ, ಬದನೆಕಾಯಿ ಪಲ್ಯ ಮಾಡಿ, ಹಡ್ಲಿಗೆ ತುಂಬಲು ಬುಟ್ಟಿ ಸಿದ್ಧ ಮಾಡಿಕೊಂಡಿದ್ದಳು. ಗುಡಿಯಲ್ಲಿ ಕುಂಕುಮಾರ್ಚನೆ ನಡೆಯುತ್ತಿತ್ತು. ಸಾಲಾಗಿ ಹೆಂಗಸರು ಕೂತಿದ್ದರು. ಅವ್ವ ಸಾಲಿನ ಕೊನೆಗೆ ಕೂರಹೋದಾಗ ಒಬ್ಬರು ಬಂದು, ಬಹಳ ಮರ್ಯಾದೆಯಿಂದಲೇ, “ಅಮ್ಮಾ, ನೀವು ಆಕಡೆ ಕೂತ್ಕೊಳ್ರಿ, ಇದು ಮುತ್ತೈದೇರ ಪೂಜೆ” ಎಂದರು. ಅವ್ವ ಏನೂ ಹೇಳಲಿಲ್ಲ. ಬುಟ್ಟಿ ಎತ್ತಿಕೊಂಡು ಹೊರಗೆ ಬಂದಳು. ಅಲ್ಲಿ ಬೇವಿನ ಮರದ ಕೆಳಗೆ ಜೋಗಮ್ಮ ಕೂತಿದ್ದಳು. ಅವಳ ಬುಟ್ಟಿಗೂ ಒಳಗೆ ಜಾಗ ಸಿಕ್ಕಿರಲಿಲ್ಲ.

ಬಸ್ಸಿನಲ್ಲಿ ಬಹಳ ಹೊತ್ತಿನ ಮೇಲೆ ಅವ್ವ ಒಂದೇ ಮಾತು ಅಂದಳು: “ಎಲ್ಲಮ್ಮ ಹಂಗೆ ಅನ್ನೋಳಲ್ಲ ಬಿಡವ್ವ.”

ನಾನು ಓದಿದವಳು, ಅವ್ವ ಓದಿದವಳಲ್ಲ. ಎಲ್ಲಮ್ಮ ಬೇರೆ, ರೇಣುಕಾಂಬೆ ಬೇರೆ ಎಂದು ಯಾವ ಪುಸ್ತಕದಲ್ಲೂ ಅವಳು ನೋಡಿರಲಿಲ್ಲ. ಆದರೆ ದೇವಿ ಬದಲಾಗಿದ್ದಾಳೆಂದು ಅವಳಿಗೆ ಬೋರ್ಡು ಓದದೆಯೇ ಗೊತ್ತಾಗಿತ್ತು. ಆ ಒಂದು ಮಾತನ್ನು ಅರ್ಥ ಮಾಡಿಕೊಳ್ಳಲು ನಾನು ಕೆಲವು ಕಥೆಗಳನ್ನು ಹೊಸದಾಗಿ ಓದಬೇಕಾಯಿತು. ಆ ಓದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಹೆಸರು ಬದಲಾಗುವುದು ನಮ್ಮ ಸೀಮೆಗೆ ಹೊಸದಲ್ಲ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವುದು ಜನರ ಬಾಯಲ್ಲಿ ದುಗ್ಗಮ್ಮನ ಜಾತ್ರೆ, ಆಮಂತ್ರಣ ಪತ್ರಿಕೆಯಲ್ಲಿ ದುರ್ಗಾಂಬಿಕಾ ದೇವಿಯ ಜಾತ್ರೆ. ಉಚ್ಚಂಗಿದುರ್ಗದ ಗುಡ್ಡದ ದೇವಿ ಉಚ್ಚಂಗೆಮ್ಮ, ಉಚ್ಚಂಗಿ ಎಲ್ಲಮ್ಮ. ಅವಳೇ ಚಿತ್ರದುರ್ಗಕ್ಕೆ ಹೋಗುವಷ್ಟರಲ್ಲಿ ಉತ್ಸವಾಂಬೆ. ಉಚ್ಚಂಗಿ ಎಂಬುದು ಊರಿನ ಹೆಸರು, ಕೋಟೆಯ ಹೆಸರು, ಕಲ್ಲುಬಂಡೆಯ ಹೆಸರು. ಅದರ ಸದ್ದನ್ನೇ ಸ್ವಲ್ಪ ತಿದ್ದಿ ‘ಉತ್ಸವ’ ಮಾಡಿದರೆ ಅರ್ಥ ಚೆನ್ನಾಯಿತು, ಊರು ಮಾಯವಾಯಿತು.

ದೇವಿಯರಿಗಷ್ಟೇ ಅಲ್ಲ, ನೀರಿಗೂ ಹೀಗೆ ಆಗಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನಿಮಗೆ ಗೊತ್ತು. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ಸೂಳೆಯರದಾಗಿತ್ತಂತೆ. ಕೆರೆಗೆ ತಮ್ಮ ಹೆಸರಿಡುವುದಾದರೆ ಮಾತ್ರ ಜಾಗ ಬಿಟ್ಟುಕೊಡುತ್ತೇವೆ ಎಂದರಂತೆ. ಶಾಂತವ್ವ ಒಪ್ಪಿದಳಂತೆ. ಕಥೆಯಲ್ಲಿ ಎರಡು ಬಗೆಯ ಹೆಂಗಸರು, ಒಬ್ಬಳು ಅರಮನೆಯವಳು, ಉಳಿದವರು ಊರು ಹೊರಗಿಟ್ಟವರು. ಇಬ್ಬರೂ ಸೇರಿ ಮಾತಾಡಿಕೊಂಡು ಸಾವಿರಾರು ಎಕರೆಗೆ ನೀರು ಕೊಟ್ಟರು. ಈಗ ಬೋರ್ಡಿನಲ್ಲಿ ಅದು ಶಾಂತಿಸಾಗರ. ಸೂಳೆಯರ ಹೆಸರು ತೆಗೆದದ್ದು ನಾಚಿಕೆಯಿಂದ ಎನ್ನೋಣ. ಆದರೆ ಶಾಂತವ್ವನೂ ಹೋಗಿ ಬರೀ ‘ಶಾಂತಿ’ ಉಳಿದಳಲ್ಲ! ಮಾತು ಕೊಟ್ಟವಳೂ ಇಲ್ಲ, ಮಾತು ಪಡೆದವರೂ ಇಲ್ಲ. ಹೆಂಗಸರು ಹೋದ ಜಾಗದಲ್ಲಿ ಒಂದು ಗುಣದ ಹೆಸರು ಕೂತುಕೊಂಡಿದೆ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟಿಸಿದ ಕೊಡಗಿನ ಅಧ್ಯಯನದಲ್ಲಿ ಇಂಥ ಬದಲಾವಣೆಯನ್ನು ಸಂಸ್ಕೃತೀಕರಣ ಎಂದು ಕರೆದರು. ಹೆಸರಿಟ್ಟರೆ ರೋಗ ವಾಸಿಯಾಗುವುದಿಲ್ಲ. ಹೆಸರು ಬದಲಾದಾಗ ಕಥೆಯೂ ಬದಲಾಗುತ್ತದೆ, ಆ ಕಥೆಯಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಹೆಂಗಸರಾದ ನಾವೇ ಕೂತು ಲೆಕ್ಕ ಹಾಕಬೇಕು.

ರೇಣುಕೆಯ ಕಥೆ ಮಹಾಭಾರತದ ವನಪರ್ವದಲ್ಲಿದೆ. ಜಮದಗ್ನಿ ಋಷಿಯ ಹೆಂಡತಿ ರೇಣುಕೆ ಸ್ನಾನಕ್ಕೆ ಹೋದಾಗ ಚಿತ್ರರಥನೆಂಬ ರಾಜ ನೀರಾಟವಾಡುವುದನ್ನು ಕಂಡಳು, ಒಂದು ಗಳಿಗೆ ಮನಸ್ಸು ಕದಲಿತು. ಗಂಡನಿಗೆ ತಿಳಿಯಿತು. ತಾಯಿಯನ್ನು ಕೊಲ್ಲೆಂದು ಮಕ್ಕಳಿಗೆ ಒಬ್ಬೊಬ್ಬರಿಗೆ ಹೇಳಿದ. ನಾಲ್ವರು ಒಪ್ಪಲಿಲ್ಲ, ಶಾಪ ಪಡೆದರು. ಕಿರಿಯವನಾದ ಪರಶುರಾಮ ಕೊಡಲಿ ಎತ್ತಿದ. ಮೆಚ್ಚಿದ ತಂದೆ ವರ ಕೇಳೆಂದಾಗ ತಾಯಿ ಬದುಕಲಿ ಎಂದ. ಇಲ್ಲಿಯವರೆಗೆ ನಮಗೆಲ್ಲ ಗೊತ್ತು. ಆದರೆ ಪರಶುರಾಮ ಕೇಳಿದ ವರಗಳಲ್ಲಿ ಇನ್ನೂ ಒಂದಿದೆ, ಅದನ್ನು ನಾನು ಬಹಳ ತಡವಾಗಿ ಗಮನಿಸಿದೆ. ತನ್ನನ್ನು ಕೊಂದದ್ದು ತಾಯಿಗೆ ನೆನಪಿರಬಾರದು.

ಆ ಮಗನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕಥೆಯಾಗಿ ಓದಿದಾಗ ನನಗೆ ಕೊಡಲಿಗಿಂತ ಈ ವರವೇ ಹೆಚ್ಚು ಭಯ ಹುಟ್ಟಿಸುತ್ತದೆ. ತಲೆ ಕಡಿಸಿಕೊಂಡವಳು ಎದ್ದು ಕೂತು, ಏನೂ ಆಗಿಲ್ಲವೆಂಬಂತೆ ಮತ್ತೆ ಒಲೆ ಹೊತ್ತಿಸಬೇಕು. ಅವಳಿಗೆ ನೆನಪಿಲ್ಲದ್ದರಿಂದ ಯಾರೂ ಅವಳಿಗೆ ಉತ್ತರ ಕೊಡಬೇಕಾಗಿಲ್ಲ. ಮರೆವನ್ನೇ ಕ್ಷಮೆ ಎಂದು ಕರೆದು ಮನೆ ನಡೆಸಿಕೊಂಡು ಹೋಗುವ ರೀತಿ ನಮಗೇನು ಹೊಸದೇ?

ಈಗ ಜೋಗಮ್ಮ ಹೇಳುವ ಕಥೆಗೆ ಬನ್ನಿ. ಇಲ್ಲಿಯೂ ಜಮದಗ್ನಿ ಇದ್ದಾನೆ, ಪರಶುರಾಮ ಇದ್ದಾನೆ, ಮರಳಿನ ಕೊಡ, ಹಾವಿನ ಸಿಂಬಿ ಎಲ್ಲ ಇದೆ. ಆದರೆ ಮಗ ಕೊಡಲಿ ಹಿಡಿದು ಬಂದಾಗ ಈ ತಾಯಿ ಕೂತಲ್ಲೇ ಕೂರುವುದಿಲ್ಲ. ಓಡುತ್ತಾಳೆ. ಓಡಿ ಹೋಗಿ ಊರಾಚೆಯ ಕೇರಿಯಲ್ಲಿ ಮಾತಂಗಿಯ ಮನೆ ಹೊಗುತ್ತಾಳೆ. ಮಾತಂಗಿ ಅವಳನ್ನು ಅಪ್ಪಿಕೊಂಡು ಅಡ್ಡ ನಿಲ್ಲುತ್ತಾಳೆ. ಪರಶುರಾಮನ ಏಟಿಗೆ ಇಬ್ಬರ ತಲೆಯೂ ಬೀಳುತ್ತದೆ. ಬದುಕಿಸುವಾಗ ಗಡಿಬಿಡಿಯಲ್ಲಿ ತಲೆಗಳು ಅದಲುಬದಲಾಗುತ್ತವೆ. ಹೀಗೆ ಒಬ್ಬಳ ಮೈಗೆ ಇನ್ನೊಬ್ಬಳ ತಲೆ ಸೇರಿ ಇಬ್ಬರೂ ದೇವಿಯರಾದರು. ಕರ್ನಾಟಕದಲ್ಲಷ್ಟೇ ಅಲ್ಲ, ಆಂಧ್ರ, ತಮಿಳುನಾಡುಗಳಲ್ಲೂ ಈ ಕಥೆ ಬೇರೆ ಬೇರೆ ರೂಪದಲ್ಲಿದೆ.

ತಲೆ ಬದಲಾದ ಕಥೆ ಎಂದೊಡನೆ ಓದಿದವರಿಗೆ ಗಿರೀಶ ಕಾರ್ನಾಡರ 1971ರ ‘ಹಯವದನ’ ನೆನಪಾಗುತ್ತದೆ. ಅಲ್ಲಿ ಇಬ್ಬರು ಗಂಡಸರ ತಲೆ ಬದಲಾಗುತ್ತದೆ, ಅವಳ ಗಂಡ ಯಾರೆಂಬ ಪ್ರಶ್ನೆ ಏಳುತ್ತದೆ, ತಲೆಯೇ ಶ್ರೇಷ್ಠ, ತಲೆ ಇದ್ದವನೇ ಗಂಡ ಎಂಬ ತೀರ್ಮಾನ ಬರುತ್ತದೆ. ಗಂಡಸರ ತಲೆಯ ಕಥೆ ನಾಟಕವಾಗಿ ದೇಶವನ್ನೆಲ್ಲ ಸುತ್ತಿತು. ಹೆಂಗಸರ ತಲೆಯ ಕಥೆ ಮಾತ್ರ ಬುಟ್ಟಿಯಲ್ಲೇ ಉಳಿಯಿತು. ಅಲ್ಲಿ ತಲೆ ಹೆಚ್ಚೋ ಮೈ ಹೆಚ್ಚೋ ಎಂದು ಯಾರೂ ಕೇಳುವುದಿಲ್ಲ. ಇಬ್ಬರಿಗೂ ಕೈ ಮುಗಿಯುತ್ತಾರೆ.

ನನಗೆ ಅನ್ನಿಸುವುದು ಇಷ್ಟು. ಈ ಅದಲುಬದಲಿನ ಕಥೆಯೇ ಎಲ್ಲಮ್ಮನ ಚರಿತ್ರೆ. ಒಂದು ಸಂಸ್ಕೃತಿಯ ದೇವಿಯ ಮೈಗೆ ಇನ್ನೊಂದು ಸಂಸ್ಕೃತಿಯ ತಲೆ ಬಂದು ಕೂತಿತು. ಜನಪದರು ಅದನ್ನು ಮುಚ್ಚಿಡಲಿಲ್ಲ, ಕಥೆಯಾಗಿ ಹೇಳಿಕೊಂಡರು, ಹೊಲಿಗೆಯ ಗುರುತನ್ನು ಹಾಗೇ ಬಿಟ್ಟರು. ಹೊಸ ಗುಡಿಯ ಗೋಡೆಯ ಮೇಲೆ ಬರೆಸುವ ಕಥೆಯಲ್ಲಿ ಮಾತಂಗಿ ಇರುವುದಿಲ್ಲ. ಹೊಲಿಗೆ ಕಾಣದಂತೆ ಬೆಳ್ಳಿ ಮುಖವಾಡ ಹಾಕಿದ್ದೇವೆ.

ಇನ್ನೊಂದು ಮುಖ್ಯವಾದ ವಿಷಯ. ಪುರಾಣದ ರೇಣುಕೆ ಮರೆಯುತ್ತಾಳೆ, ಬುಟ್ಟಿಯ ಎಲ್ಲಮ್ಮ ಮರೆಯುವುದಿಲ್ಲ. ಸವದತ್ತಿಯಲ್ಲಿ ಮಾರ್ಗಶಿರದ ಹುಣ್ಣಿಮೆಯಂದು ದೇವಿಯ ಬಳೆ ಒಡೆಯುತ್ತಾರೆ. ಜಮದಗ್ನಿ ಸತ್ತ ದಿನ, ದೇವಿ ವಿಧವೆ. ಜನ ಅದಕ್ಕೆ ಒರಟಾಗಿ ರಂಡಿ ಹುಣ್ಣಿಮೆ ಎಂದೇ ಹೇಳುತ್ತಾರೆ. ಮಾಘದ ಭರತ ಹುಣ್ಣಿಮೆಗೆ ಅವಳಿಗೆ ಮತ್ತೆ ಬಳೆ, ಅರಿಸಿನ ಕುಂಕುಮ. ಅದು ಮುತ್ತೈದೆ ಹುಣ್ಣಿಮೆ. ಎಂದರೆ ವರ್ಷಕ್ಕೆ ಎರಡು ತಿಂಗಳು ನಮ್ಮ ದೇವಿಯೇ ಬರಿಗೈಯವಳು. ಬರಿಗೈಯ ಹೆಂಗಸನ್ನು ಅವಳು ಹೊರಗೆ ಕೂರು ಎನ್ನುವುದು ಹೇಗೆ? ಅವ್ವ ಬಸ್ಸಿನಲ್ಲಿ ಅಂದ ಮಾತಿನ ಆಧಾರ ಇಲ್ಲಿದೆ. ಅವಳು ಕೋಪದಿಂದ ಆಡಿದ ಮಾತಲ್ಲ ಅದು, ಕಥೆ ಬಲ್ಲವಳ ಮಾತು.

ಇಷ್ಟು ಹೊತ್ತೂ ನಮ್ಮ ಕಥೆಯನ್ನೇ ಹೇಳಿದೆ. ಈಗ ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ. ಈಜಿಪ್ಟಿನಲ್ಲಿ ಐಸಿಸ್ ಎಂಬ ದೇವಿಯಿದ್ದಳು. (ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಬಂದ ಆ ಹೆಸರಿನ ಉಗ್ರರ ಗುಂಪಿಗೂ ಇವಳಿಗೂ ಏನೂ ಸಂಬಂಧವಿಲ್ಲ.) ಅವಳು ನನಗೆ ಪರಿಚಯವಾದದ್ದು ಕನ್ನಡದ ದಾರಿಯಲ್ಲಿಯೇ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ಗುಡ್ಡೆಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ, 1903ರಲ್ಲಿ ಪ್ರಕಟವಾಯಿತು. ಭಾರತದ ಕರಾವಳಿಯ ಒಂದು ದೇವಿಯ ಗುಡಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯೊಬ್ಬಳ ಕಥೆ ಅದು. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೇ ಎಂದು ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಅದನ್ನು ಓದಲು ಹೋದವಳಿಗೆ ಅದೇ ಗುಡ್ಡೆಯಲ್ಲಿ ಸಿಕ್ಕ, 1915ರಲ್ಲಿ ಪ್ರಕಟವಾದ ಇನ್ನೊಂದು ಹಾಳೆಯ ವಿಷಯ ತಿಳಿಯಿತು. ಅದು ಐಸಿಸ್ ದೇವಿಯ ನಾಮಾವಳಿ, ನಮ್ಮ ಸಹಸ್ರನಾಮದಂಥದು. ಯಾವ ಯಾವ ಊರಿನಲ್ಲಿ ಅವಳಿಗೆ ಏನೇನು ಹೆಸರು ಎಂದು ಪಟ್ಟಿ ಮಾಡುತ್ತ ಹೋಗುತ್ತದೆ. ಭಾರತೀಯರ ನಡುವೆ ಅವಳ ಹೆಸರು ‘ಮಾಯಾ’ ಎಂದಿದೆ! ಸುಮಾರು 1900 ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದವನೊಬ್ಬ ಲೋಕದ ದೇವಿಯರೆಲ್ಲ ಒಬ್ಬಳೇ ಎಂದುಕೊಂಡು ನಮ್ಮ ಕಡೆಗೂ ಒಂದು ಹೆಸರು ಹುಡುಕಿದ್ದ.

ಈ ಐಸಿಸ್ ಮೊದಲು ಹಾಗಿರಲಿಲ್ಲ. ಈಜಿಪ್ಟಿನ ಭಾಷೆಯಲ್ಲಿ ಅವಳ ಹೆಸರನ್ನು ಸಿಂಹಾಸನದ ಚಿಹ್ನೆಯಿಂದ ಬರೆಯುತ್ತಿದ್ದರು, ತಲೆಯ ಮೇಲೆ ಸಿಂಹಾಸನವನ್ನೇ ಹೊತ್ತವಳಂತೆ ಅವಳನ್ನು ಕೆತ್ತುತ್ತಿದ್ದರು. ನಮ್ಮ ಜೋಗಮ್ಮ ಜಗ ಹೊತ್ತ ಹಾಗೆ. ಅವಳ ಗಂಡ ಒಸಿರಿಸ್. ಅವನನ್ನು ತಮ್ಮನಾದ ಸೇತ್ ಕೊಂದ. ಐಸಿಸ್ ಅಳುತ್ತ ನೈಲ್ ನದಿಯುದ್ದಕ್ಕೂ ಹುಡುಕಿ, ಗಂಡನ ದೇಹವನ್ನು ಕೂಡಿಸಿ, ಮಂತ್ರಬಲದಿಂದ ಉಸಿರು ತಂದು, ಹೋರಸ್ ಎಂಬ ಮಗನನ್ನು ಪಡೆದಳು. ಮಗ ದೊಡ್ಡವನಾಗಿ ಚಿಕ್ಕಪ್ಪನ ಮೇಲೆ ಸಿಂಹಾಸನಕ್ಕಾಗಿ ಯುದ್ಧಕ್ಕೆ ನಿಂತ.

ಕ್ರಿಸ್ತಪೂರ್ವ 1150ರ ಸುಮಾರಿನ ಒಂದು ಪಪೈರಸ್ ಸುರುಳಿಯಲ್ಲಿ ಆ ಯುದ್ಧದ ಕಥೆಯಿದೆ. ಅಲನ್ ಗಾರ್ಡಿನರ್ ಎಂಬ ವಿದ್ವಾಂಸರು 1931ರಲ್ಲಿ ಅದನ್ನು ಪ್ರಕಟಿಸಿದರು. ಐಸಿಸ್ ಎಸೆದ ಈಟಿ ಸೇತ್‌ಗೆ ನಾಟಿದಾಗ ಅವನು, ನಾನು ನಿನ್ನ ಒಡಹುಟ್ಟಿದವನಲ್ಲವೇ ಎಂದು ಮೊರೆಯಿಡುತ್ತಾನೆ. ಒಡಹುಟ್ಟಿದವನ ಮೇಲೆ ಕರುಣೆ ಬಂದು ಅವಳು ಈಟಿಯನ್ನು ಬಿಡಿಸುತ್ತಾಳೆ. ಸಿಟ್ಟಾದ ಹೋರಸ್ ಏನು ಮಾಡಿದನೆಂದು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಮಗ ತಾಯಿಯ ತಲೆ ಕಡಿದ.

ಇಲ್ಲಿ ಪರಶುರಾಮ, ಅಲ್ಲಿ ಹೋರಸ್. ಒಬ್ಬರ ಕಥೆಯನ್ನು ಇನ್ನೊಬ್ಬರು ಕದ್ದರೆಂದು ನಾನು ಹೇಳುವುದಿಲ್ಲ. ತಂದೆಯ ಪಕ್ಷ ಹಿಡಿದ ಮಗ, ಮನಸ್ಸು ಕದಲಿದ ತಾಯಿ, ಕತ್ತರಿಸಿದ ತಲೆ, ಇವು ಎಲ್ಲಿ ಬೇಕಾದರೂ ಹುಟ್ಟಬಹುದಾದ ಕಥೆಗಳು. ಈಜಿಪ್ಟಿನವರು ಆ ತಾಯಿಗೆ ಹಸುವಿನ ತಲೆ ಕೊಟ್ಟರು. ಜಾಣದೇವರಾದ ಥೋತ್ ಅದನ್ನು ಕೂಡಿಸಿದನಂತೆ.

ಕ್ರಿಸ್ತಪೂರ್ವ 332ರಲ್ಲಿ ಅಲೆಕ್ಸಾಂಡರ್ ಈಜಿಪ್ಟಿಗೆ ಬಂದ. ಅವನ ನಂತರ ಟಾಲೆಮಿಗಳೆಂಬ ಗ್ರೀಕ್ ಮನೆತನದವರು ಸುಮಾರು ಮುನ್ನೂರು ವರ್ಷ ಆಳಿದರು. ಐಸಿಸ್ ಗ್ರೀಕ್ ಮಾತಾಡತೊಡಗಿದಳು. ತಲೆಯ ಮೇಲಿನ ಸಿಂಹಾಸನ ಇಳಿಯಿತು. ಹಸುವಿನ ಕೊಂಬು, ಸೂರ್ಯಬಿಂಬಗಳು ಕುಗ್ಗಿ ಕುಗ್ಗಿ ಹಣೆಯ ಮೇಲಿನ ಒಂದು ಪುಟ್ಟ ಒಡವೆಯಾದವು. ಉದ್ದ ಸುರುಳಿ ಕೂದಲು ಬಂತು, ಎದೆಯ ಮೇಲೆ ಗಂಟು ಹಾಕಿದ ನೆರಿಗೆಯ ಸೀರೆಯಂಥ ಉಡುಪು ಬಂತು. ಗ್ರೀಕರ ಡಿಮೀಟರ್ ಎಂಬ ಧಾನ್ಯದೇವಿಯೂ ಇವಳೂ ಒಬ್ಬರೇ ಎಂದರು. ಕ್ರಿಸ್ತಶಕ 100ರ ಆಚೀಚೆ ಬರೆದ ಪ್ಲುಟಾರ್ಕ್ ಎಂಬ ಗ್ರೀಕ್ ಪಂಡಿತ ಐಸಿಸ್ ಕಥೆ ಹೇಳುವಾಗ, ಡಿಮೀಟರಳ ಹಾಗೆಯೇ ಅವಳೂ ಪರದೇಶದ ಅರಮನೆಯಲ್ಲಿ ದಾದಿಯಾಗಿ ಕೂಸನ್ನು ಬೆಂಕಿಯಲ್ಲಿ ಹಿಡಿದು ಅಮರನಾಗಿಸಲು ನೋಡಿದಳೆಂದು ಸೇರಿಸುತ್ತಾನೆ. ಆ ಪ್ರಸಂಗ ಡಿಮೀಟರಳ ಕಥೆಯದು.

ಹಾಗಾದರೆ ತಲೆ ಕಡಿದ ಪ್ರಸಂಗ? ಪ್ಲುಟಾರ್ಕನಿಗೆ ಅದು ಗೊತ್ತಿತ್ತು. ಆದರೆ ಕಥೆ ಹೇಳುವಾಗ ಹೋರಸ್ ತಾಯಿಯ ತಲೆ ಕಡಿಯಲಿಲ್ಲ, ತಲೆಯ ಮೇಲಿನ ಕಿರೀಟ ಕಿತ್ತುಕೊಂಡ, ಅಷ್ಟೆ. ಅದರ ಬದಲು ಹಸುವಿನ ತಲೆಯಾಕಾರದ ಶಿರಸ್ತ್ರಾಣ ಬಂತು. ಮುಂದೆ ಅವನೇ, ಐಸಿಸ್ ತಲೆ ಕಡಿದಂಥ ಹೇಳಬಾರದ ಕಥೆಗಳನ್ನು ತಾನು ಬಿಟ್ಟಿರುವುದಾಗಿ ಒಪ್ಪಿಕೊಳ್ಳುತ್ತಾನೆ. ದೇವರ ಬಗ್ಗೆ ಅಂಥ ಮಾತು ಸಲ್ಲದು ಎಂದು ಆ ಸಜ್ಜನನ ಭಾವನೆ. ತಾಯಿಯ ಮೇಲೆ ಮಗ ಕೈ ಮಾಡಿದ್ದನ್ನು ಮನೆಯ ಮರ್ಯಾದೆಗಾಗಿ ಹೊರಗೆ ಹೇಳದೆ ಮುಚ್ಚುವ ಹಿರಿಯರ ಹಾಗೆ ಅವನು ನನಗೆ ಕಾಣುತ್ತಾನೆ. ಆದರೂ ಒಂದು ಮೆಚ್ಚುಗೆಯಿದೆ. ಬಿಟ್ಟಿದ್ದೇನೆ ಎಂದಾದರೂ ಹೇಳಿದ. ನಮ್ಮ ಗುಡಿಯ ಗೋಡೆ ಅಷ್ಟನ್ನೂ ಹೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಲಭವಾಗುತ್ತಿತ್ತು. ಹಳೆಯದು ಒಳ್ಳೆಯದು, ಹೊರಗಿನವರು ಬಂದು ಕೆಡಿಸಿದರು ಎಂದು ಬರೆದು ಮುಗಿಸಬಹುದಿತ್ತು. ಆದರೆ ಗ್ರೀಕರ ಐಸಿಸ್ ಕಥೆ ಹಾಗಿಲ್ಲ. ಹಳೆಯ ಈಜಿಪ್ಟಿನ ಗುಡಿಗಳಲ್ಲಿ ಗರ್ಭಗುಡಿ ಅರ್ಚಕರಿಗೆ ಮಾತ್ರ. ಸಾಮಾನ್ಯ ಜನ ಹೊರಗಿನ ಪ್ರಾಕಾರದಲ್ಲೇ ನಿಲ್ಲಬೇಕಿತ್ತು. ಗ್ರೀಕಳಾದ ಮೇಲೆ ಐಸಿಸ್ ಹಡಗು ಹತ್ತಿ ಹೊರಟಳು. ಅಥೆನ್ಸಿನ ಬಂದರಾದ ಪಿರೇಯಸ್ಸಿನಲ್ಲಿ ಈಜಿಪ್ಟಿನ ವರ್ತಕರು ಅವಳಿಗೆ ಗುಡಿ ಕಟ್ಟಿಕೊಂಡಿದ್ದರೆಂಬ ಮಾತು ಕ್ರಿಸ್ತಪೂರ್ವ 333ರ ಸುಮಾರಿನ ಶಾಸನದಲ್ಲೇ ಇದೆ. ನದಿಯ ದೇವಿ ಕಡಲಿನ ದೇವಿಯಾದಳು. ನಾವಿಕರು ಪ್ರತಿ ಮಾರ್ಚಿನಲ್ಲಿ ಅವಳ ಹೆಸರಿನಲ್ಲಿ ಹಡಗು ಬಿಡುತ್ತಿದ್ದರು. ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋಗಿದ್ದ ಪೊಂಪೇ ನಗರದಲ್ಲಿ 1764ರಲ್ಲಿ ಅವಳ ಗುಡಿ ಸಿಕ್ಕಿತು. ಆ ಗುಡಿಗಳಲ್ಲಿ ಗುಲಾಮರೂ, ಬಿಡುಗಡೆಯಾದವರೂ, ಪರದೇಶದವರೂ, ಹೆಂಗಸರೂ ದೇವಿಯ ಎದುರಿಗೆ ನಿಲ್ಲುತ್ತಿದ್ದರು. ಆಗಲೇ ಹೇಳಿದ ಆಕ್ಸಿರಿಂಕಸ್ ನಾಮಾವಳಿಯಲ್ಲಿ ಹೆಂಗಸರಿಗೆ ಗಂಡಸರಷ್ಟೇ ಶಕ್ತಿ ಕೊಟ್ಟವಳು ನೀನು ಎಂಬರ್ಥದ ಮಾತೂ ಇದೆ.

ಹೀಗಾಗಿ ಐಸಿಸ್ ಕಳೆದುಕೊಂಡಳು, ಪಡೆದುಕೊಂಡಳು ಕೂಡ. ತಲೆ ಕಡಿದ ನೆನಪು ಹೋಯಿತು, ಬಾಗಿಲು ತೆರೆಯಿತು. ನಮ್ಮ ಊರಿನಲ್ಲಿ ಆದದ್ದು ತಿರುಗುಮುರುಗು. ನೆನಪೂ ಹೋಯಿತು, ಬಾಗಿಲೂ ಮುಚ್ಚಿತು. ದೇವಿಯ ಬದಲಾವಣೆಯನ್ನು ಅಳೆಯಲು ನನಗೆ ಸಿಕ್ಕ ಅಳತೆಗೋಲು ಇದೊಂದೇ. ಹೆಸರು ಸಂಸ್ಕೃತವೋ ಕನ್ನಡವೋ, ಮುಖ ಕಲ್ಲಿನದೋ ಬೆಳ್ಳಿಯದೋ ಎಂಬುದಲ್ಲ. ಮೊದಲು ಯಾರು ಅವಳ ಮುಂದೆ ಕೂರುತ್ತಿದ್ದರು, ಈಗ ಯಾರು ಕೂರುತ್ತಾರೆ? ಮಧ್ಯೆ ಎದ್ದು ಹೋದವರು ಯಾರು?

ಈ ಅಳತೆಗೋಲನ್ನು ಹಳೆಯದಕ್ಕೂ ಹಿಡಿಯಬೇಕು, ಇಲ್ಲದಿದ್ದರೆ ಅದು ನ್ಯಾಯವಲ್ಲ. ಎಲ್ಲಮ್ಮನ ಹೆಸರಿನಲ್ಲೇ ಬಡವರ ಮನೆಯ, ದಲಿತರ ಮನೆಯ ಎಷ್ಟೋ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ದೇವರ ಹೆಂಡತಿ ಎಂದು ಕರೆದು ಊರಿನ ಗಂಡಸರ ಪಾಲು ಮಾಡಿದರು. ಕರ್ನಾಟಕ ಸರ್ಕಾರ 1982ರಲ್ಲಿ ಅದರ ವಿರುದ್ಧ ಕಾಯಿದೆ ಮಾಡಬೇಕಾಯಿತು. ಕಾಯಿದೆಯಾದ ಮೇಲೂ ಉಚ್ಚಂಗಿದುರ್ಗದ ಭರತ ಹುಣ್ಣಿಮೆ ಜಾತ್ರೆಗೆ ಪೊಲೀಸರು, ಕಾರ್ಯಕರ್ತೆಯರು ಕಾವಲು ನಿಲ್ಲಬೇಕಾಗಿ ಬಂದಿದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಗುಡ್ಡಕ್ಕೆ ಹೆಂಗಸರು ಬೆತ್ತಲೆ ಸೇವೆ ನಡೆಸುತ್ತಿದ್ದುದು, 1986ರಲ್ಲಿ ಅದನ್ನು ತಡೆಯಹೋದ ಕಾರ್ಯಕರ್ತರಿಗೂ ಪೊಲೀಸರಿಗೂ ಹೊಡೆತ ಬಿದ್ದದ್ದು, ಆಮೇಲೆ ಆ ಸೇವೆ ನಿಷೇಧವಾದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಅಲ್ಲಿ ದೇವಿಯ ಹೆಸರು ರೇಣುಕಾಂಬೆಯೇ. ಸಂಸ್ಕೃತದ ಹೆಸರು ಇದ್ದ ಮಾತ್ರಕ್ಕೆ ಹೆಂಗಸಿನ ಮೈಗೆ ಮರ್ಯಾದೆ ಸಿಗಲಿಲ್ಲ. ಕನ್ನಡದ ಹೆಸರು ಇದ್ದ ಮಾತ್ರಕ್ಕೂ ಸಿಗುವುದಿಲ್ಲ. ಬೇವಿನ ಮರದ ಕೆಳಗೆ ಕೂತ ಜೋಗಮ್ಮನ ಬಾಳನ್ನು ನಾನು ಚಂದದ ಚಿತ್ರವಾಗಿ ತೋರಿಸಲಾರೆ. ಅವಳು ಹೊತ್ತದ್ದು ದೇವರನ್ನಷ್ಟೇ ಅಲ್ಲ.

ಆದರೆ ಆ ಅನ್ಯಾಯವನ್ನು ನಿಲ್ಲಿಸುವುದು ಬೇರೆ, ಅನ್ಯಾಯಕ್ಕೆ ಸಿಕ್ಕವಳನ್ನು ಗುಡಿಯಿಂದ ಹೊರಗಿಡುವುದು ಬೇರೆ. ಮುತ್ತು ಕಟ್ಟುವುದನ್ನು ಕಾಯಿದೆ ತಡೆಯಿತು, ಒಳ್ಳೆಯದಾಯಿತು. ಕಟ್ಟಿಸಿಕೊಂಡವಳಿಗೆ ಗ್ರಾನೈಟಿನ ಮೆಟ್ಟಿಲು ತಡೆಯಿತು. ಇದರಲ್ಲಿ ಯಾವ ಸುಧಾರಣೆಯಿದೆ?

ಬದಲಾವಣೆ ಇನ್ನೊಂದು ರೀತಿಯಲ್ಲೂ ಆಗಬಹುದು ಎಂಬುದಕ್ಕೆ ನಮ್ಮ ಹತ್ತಿರದಲ್ಲೇ ಒಂದು ಕಥೆಯಿದೆ. ನನ್ನ ತಂಗಿಯನ್ನು ಕೊಟ್ಟಿರುವುದು ನ್ಯಾಮತಿಗೆ. 2018ರವರೆಗೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಊರು, ಈಗ ಅದೇ ತಾಲ್ಲೂಕು ಕೇಂದ್ರ. ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿ ಅವಳ ಮನೆಗೆ ಹೋದಾಗೊಮ್ಮೆ ಸೂರಗೊಂಡನಕೊಪ್ಪಕ್ಕೆ ಹೋಗಿದ್ದೆವು. 1739ರಲ್ಲಿ ಹುಟ್ಟಿದರೆಂದು ಬಂಜಾರರು ನಂಬುವ ಸಂತ ಸೇವಾಲಾಲರ ಕ್ಷೇತ್ರ ಅದು. ಫೆಬ್ರವರಿಯ ಜಾತ್ರೆಗೆ ದೂರದ ತಾಂಡಾಗಳಿಂದ, ಬೇರೆ ರಾಜ್ಯಗಳಿಂದ ಜನ ಬರುತ್ತಾರೆ. ಅಲ್ಲಿ ಸೇವಾಲಾಲರ ಗುಡಿಯ ಜೊತೆಗೆ ಮರಿಯಮ್ಮನ ಗುಡಿಯೂ ಇದೆ. ಜನ ಹೇಳುವ ಕಥೆಯಲ್ಲಿ ಮರಿಯಮ್ಮ ತಾನೇ ಬಂದು ನನ್ನ ಭಕ್ತನಾಗು ಎಂದು ಸೇವಾಲಾಲರನ್ನು ಕೇಳುತ್ತಾಳೆ. ಪ್ರಾಣಿಬಲಿ ಬೇಡುವ ದೇವಿಯ ಸೇವೆ ನನ್ನಿಂದಾಗದು ಎನ್ನುತ್ತಾರೆ ಅವರು. ಅವಳು ಕಾಡುತ್ತಾಳೆ, ಅವರು ಹಟ ಹಿಡಿಯುತ್ತಾರೆ, ಕೊನೆಗೆ ಇಬ್ಬರಿಗೂ ಒಂದು ಒಪ್ಪಂದವಾಗುತ್ತದೆ. ಅವಳಿಗೆ ಜಗದಂಬೆ ಎಂಬ ದೊಡ್ಡ ಹೆಸರೂ ಇದೆ, ಮರಿಯಮ್ಮ ಎಂಬ ಹೆಸರೂ ಹಾಗೆಯೇ ಇದೆ. ಈ ಕಥೆಯಲ್ಲಿ ನನಗೆ ಇಷ್ಟವಾದದ್ದು, ದೇವಿಯನ್ನು ಬದಲಾಯಿಸುವ ಮೊದಲು ಅವಳ ಜೊತೆ ಮಾತಾಡುತ್ತಾರೆ. ಸೂಳೆಕೆರೆಯ ಕಥೆಯಲ್ಲೂ ಶಾಂತವ್ವ ಮಾತಾಡಿದ್ದಳು. ನಮ್ಮೂರಿನ ಜೀರ್ಣೋದ್ಧಾರದ ಸಭೆಗಳಲ್ಲಿ ಜೋಗಮ್ಮನ ಜೊತೆ ಯಾರೂ ಮಾತಾಡಲಿಲ್ಲ, ಅವ್ವನನ್ನು ಯಾರೂ ಕೇಳಲಿಲ್ಲ. ವಂತಿಗೆ ಕೊಟ್ಟ ನಾನೂ ಕೇಳಲಿಲ್ಲ.

ಮರುವರ್ಷದ ಭರತ ಹುಣ್ಣಿಮೆಗೆ ಅವ್ವ ಊರಿಗೆ ಬರುವುದಿಲ್ಲ ಎಂದಳು. ಚನ್ನಗಿರಿಯ ನಮ್ಮ ಮನೆಯಲ್ಲೇ ಹಡ್ಲಿಗೆ ತುಂಬೋಣ ಎಂದಳು. ಸಂತೆಗೆ ಬರುವ ಒಬ್ಬ ಜೋಗಮ್ಮನನ್ನು ಕರೆದೆವು. ಅವಳು ಪಡಸಾಲೆಯಲ್ಲಿ ಬುಟ್ಟಿ ಇಳಿಸಿ, ಅವ್ವನನ್ನೇ ಎದುರಿಗೆ ಕೂರಿಸಿಕೊಂಡು, ಹಣೆಗೆ ಭಂಡಾರ ಹಚ್ಚಿದಳು. ಎಂಟೊಂಬತ್ತು ವರ್ಷಗಳಿಂದ ಬರಿದಾಗಿದ್ದ ಹಣೆ ಅರಿಸಿನದಿಂದ ಹಳದಿಯಾಯಿತು. ಅವ್ವ ಒರೆಸಿಕೊಳ್ಳಲಿಲ್ಲ.

ಊಟವಾದ ಮೇಲೆ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಕೂತಾಗ ನಾನು ಅವರಿಗೆ ಐಸಿಸ್ ಕಥೆ ಹೇಳಿದೆ. ಮಗ ತಲೆ ಕಡಿದದ್ದು, ದೇವರು ಹಸುವಿನ ತಲೆ ಕೂಡಿಸಿದ್ದು ಎಲ್ಲ ಹೇಳಿದೆ. ಜೋಗಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು. ಅವ್ವ ಸ್ವಲ್ಪ ಹೊತ್ತು ಯೋಚಿಸಿ, “ಅಲ್ಲವ್ವಾ, ಆ ಊರಾಗೆ ಅಕಿಗೆ ಅಡ್ಡ ಬರಾಕೆ ಒಬ್ಬ ಹೆಂಗಸೂ ಇರಲಿಲ್ಲೇನು?” ಎಂದಳು.

ನಾನು ಓದಿದ ಯಾವ ಪುಸ್ತಕವೂ ಈ ಪ್ರಶ್ನೆ ಕೇಳಿರಲಿಲ್ಲ. ಇರಲಿಲ್ಲವಂತೆ ಅವ್ವ ಎಂದೆ.

“ನಮ್ಮಾಕಿ ಪುಣ್ಯವಂತಿ ಬಿಡು, ಮಾತಂಗಿ ಇದ್ಲು” ಎಂದು ಅವ್ವ ಜೋಗಮ್ಮನ ಕಡೆಗೆ ಅಡಿಕೆಯ ತಟ್ಟೆ ಸರಿಸಿದಳು.